ಇಥಿಯೋಪಿಯಾದ ಬೂದಿಗೆ ಚೆನ್ನೈ–ಮುಂಬೈ ವಿಮಾನ ಏಕೆ ರದ್ದಾಯಿತು?

2025ರ ನವೆಂಬರ್ 23, ಭಾನುವಾರ. ಇಥಿಯೋಪಿಯಾದ ಅಫಾರ್ ಪ್ರದೇಶದಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ನಮ್ಮಲ್ಲಿ ಹೆಚ್ಚಿನವರು ಆ ಹೆಸರು ಕೇಳಿದ್ದೇ ಅವತ್ತು. ಮರುದಿನ ಸಂಜೆ ಅದರ ಬೂದಿ ಗುಜರಾತಿನ ಮೇಲಿತ್ತು, ರಾತ್ರಿ ದಿಲ್ಲಿಯ ಮೇಲೆ. ಕಣ್ಣೂರಿನಿಂದ ಅಬುಧಾಬಿಗೆ ಹೊರಟಿದ್ದ ಇಂಡಿಗೋ ವಿಮಾನ ಅಹಮದಾಬಾದಿನಲ್ಲಿ ಇಳಿಯಿತು. ಆಕಾಸಾ ತನ್ನ ಜೆಡ್ಡಾ, ಕುವೈತ್, ಅಬುಧಾಬಿ ವಿಮಾನಗಳನ್ನು ನಿಲ್ಲಿಸಿತು. ಕೆಎಲ್‌ಎಂ ಆಮ್‌ಸ್ಟರ್‌ಡ್ಯಾಂ–ದಿಲ್ಲಿ ವಿಮಾನ ರದ್ದು ಮಾಡಿತು. ಏರ್ ಇಂಡಿಯಾ ಎರಡು ದಿನಗಳಲ್ಲಿ ಹತ್ತಕ್ಕೂ ಹೆಚ್ಚು ವಿಮಾನಗಳನ್ನು ಕೈಬಿಟ್ಟಿತು.

ಇಲ್ಲಿಯವರೆಗೆ ಅರ್ಥವಾಗುತ್ತದೆ. ಆದರೆ ರದ್ದಾದ ಪಟ್ಟಿಯಲ್ಲಿ ಚೆನ್ನೈ–ಮುಂಬೈ, ಹೈದರಾಬಾದ್–ದಿಲ್ಲಿ, ಮುಂಬೈ–ಕೋಲ್ಕತ್ತ ವಿಮಾನಗಳೂ ಇದ್ದವು. ಚೆನ್ನೈ ಮೇಲೆ ಬೂದಿ ಎಲ್ಲಿತ್ತು? ಅತ್ತ ದಿಲ್ಲಿಗೆ ಬೇರೆ ವಿಮಾನಗಳು ಬಂದು ಹೋಗುತ್ತಲೇ ಇದ್ದವು. ತಲೆಯೆತ್ತಿ ನೋಡಿದರೆ ದಿಲ್ಲಿಯ ಮಾಮೂಲಿ ಹೊಗೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಹಾರಿದವರು ಬೇಕಂತಲೇ ಅಪಾಯ ಮೈಮೇಲೆ ಎಳೆದುಕೊಂಡರಾ, ಇಲ್ಲ ರದ್ದು ಮಾಡಿದವರು ಸುಮ್ನೆ ಹೆದರಿದರಾ?

ಎರಡೂ ಹೌದೆನ್ನಲಾಗದು. ಬೂದಿ ಬಂದಾಗ ಹಾರಬೇಕೋ ಬೇಡವೋ ಅನ್ನುವ ತೀರ್ಮಾನ 2010ರಲ್ಲಿ ಯೂರೋಪಿನ ಸರ್ಕಾರಗಳ ಕೈಯಲ್ಲಿತ್ತು. ಈಗ ಅದು ಬಹುಮಟ್ಟಿಗೆ ವಿಮಾನ ಕಂಪನಿಗಳ ಕೈಗೆ ಬಂದಿದೆ. ಒಬ್ಬರು ಹಾರಿ ಇನ್ನೊಬ್ಬರು ನಿಂತರೆ ಅದಕ್ಕೆ ಕಾರಣ ಇದೇ. ಇದು ಹೇಗಾಯಿತು ಎಂದು ತಿಳಿಯಲು ಮೊದಲು ಗಾಳಿ, ಆಮೇಲೆ ಎಂಜಿನ್, ಆಮೇಲೆ ಐಸ್‌ಲ್ಯಾಂಡ್ ನೋಡಬೇಕು.

ಗಾಳಿ ತಂದ ಬೂದಿ

ಹೈಲಿ ಗುಬ್ಬಿ ಕಳೆದ ಸುಮಾರು 12,000 ವರ್ಷಗಳಲ್ಲಿ ಸಿಡಿದ ದಾಖಲೆಯೇ ಇರಲಿಲ್ಲ. ಹಾಗಂತ ಅಷ್ಟು ವರ್ಷ ಅದು ತಣ್ಣಗೆ ಕೂತಿತ್ತು ಎಂದು ಖಚಿತವಾಗಿ ಹೇಳುವಂತಿಲ್ಲ. ಅದು ಜನ ಕಡಿಮೆ ಇರುವ, ಸುಡುಬಿಸಿಲಿನ ನಾಡು. ಕಂಡು ಬರೆದಿಟ್ಟವರೂ ಕಡಿಮೆ. ಈ ಸಲ ಬೂದಿ ಸುಮಾರು 14 ಕಿಲೋಮೀಟರ್ ಎತ್ತರಕ್ಕೆ ಚಿಮ್ಮಿತು. ದೊಡ್ಡ ಜೆಟ್ ವಿಮಾನಗಳು ಹಾರುವುದು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ. ಅಂದರೆ ಬೂದಿ ನೇರವಾಗಿ ವಿಮಾನಗಳ ದಾರಿಗೇ ಬಂದು ನಿಂತಿತು.

ಆ ಎತ್ತರದಲ್ಲಿ ಚಳಿಗಾಲದ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಇದನ್ನೇ ಜೆಟ್ ಪ್ರವಾಹ ಅನ್ನುತ್ತಾರೆ. ನವೆಂಬರಿನಲ್ಲಿ ಇದರ ಹಾದಿ ಉತ್ತರ ಭಾರತದ ಮೇಲೆ. ಅಫಾರಿನಿಂದ ದಿಲ್ಲಿಗೆ ನೇರ ದೂರ 4,000 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಭಾನುವಾರ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಸಿಡಿದದ್ದು ಸೋಮವಾರ ರಾತ್ರಿ ಹನ್ನೊಂದರ ಸುಮಾರಿಗೆ ದಿಲ್ಲಿ ಮುಟ್ಟಿತು. ಲೆಕ್ಕ ಹಾಕಿದರೆ ಗಂಟೆಗೆ 120 ಕಿಲೋಮೀಟರ್ ಆಸುಪಾಸಿನ ವೇಗ. ಕೆಂಪು ಸಮುದ್ರ, ಯೆಮನ್, ಒಮಾನ್, ಅರಬ್ಬಿ ಸಮುದ್ರ ದಾಟಿ ಗುಜರಾತ್, ರಾಜಸ್ಥಾನದ ಮೇಲೆ ಹಾದು ಬಂದ ಬೂದಿ ಮಂಗಳವಾರ ಸಂಜೆ ಹೊತ್ತಿಗೆ ಚೀನಾದ ಕಡೆ ಹೊರಟುಹೋಗಿತ್ತು. ಕರ್ನಾಟಕ ಈ ದಾರಿಯಿಂದ ದಕ್ಷಿಣಕ್ಕೆ ಬಹಳ ದೂರ ಇದ್ದುದರಿಂದ ಬಚಾವಾಯಿತು.

ಇದೇ ಸ್ಫೋಟ ಜುಲೈನಲ್ಲಿ ಆಗಿದ್ದರೆ? ಮುಂಗಾರಿನ ತಿಂಗಳುಗಳಲ್ಲಿ ಆ ಭಾಗದ ಮೇಲುಗಾಳಿ ಉಲ್ಟಾ. ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಬೂದಿ ಆಫ್ರಿಕಾದ ಒಳಕ್ಕೆ ಹೋಗುತ್ತಿತ್ತು, ದಿಲ್ಲಿಯಲ್ಲಿ ಸುದ್ದಿಯೇ ಆಗುತ್ತಿರಲಿಲ್ಲ.

ಬೂದಿ ಅಷ್ಟು ಎತ್ತರದಲ್ಲಿದ್ದ ಕಾರಣ ನಾವು ಉಸಿರಾಡುವ ಗಾಳಿ ಇದರಿಂದ ಅಷ್ಟೇನೂ ಕೆಡಲಿಲ್ಲ. ಆ ದಿನಗಳಲ್ಲಿ ದಿಲ್ಲಿಯ ಗಾಳಿ ಕೆಟ್ಟಿದ್ದರೆ ಅದಕ್ಕೆ ದಿಲ್ಲಿಯೇ ಹೊಣೆ. ಹೈಲಿ ಗುಬ್ಬಿಯ ಹತ್ತಿರದ ಅಫ್‌ಡೇರಾದ ಕಥೆ ಬೇರೆ. ಅಲ್ಲಿ ಬೂದಿ ನೆಲಕ್ಕೇ ಬಿತ್ತು. ಹುಲ್ಲಿನ ಮೇಲೆ ಕೂತ ಬೂದಿಯಿಂದಾಗಿ ಕುರಿ, ಮೇಕೆ, ಒಂಟೆ ಸಾಕುವವರಿಗೆ ಮೇವಿನ ಚಿಂತೆ ಶುರುವಾಯಿತು. ನಮ್ಮ ಟೀವಿಗಳಿಗೆ ಇದು ಮೂರು ದಿನದ ವಿಮಾನದ ಸುದ್ದಿ, ಅವರಿಗೆ ವರ್ಷದ ಬದುಕು.

ಎಂಜಿನ್ ಒಳಗೆ ನಡೆಯುವುದೇನು?

ಜ್ವಾಲಾಮುಖಿಯ ಬೂದಿ ಬಚ್ಚಲೊಲೆಯ ಬೂದಿಯಂತೆ ಮೆತ್ತಗಿರುವುದಿಲ್ಲ. ಅದು ನುಚ್ಚುನೂರಾದ ಕಲ್ಲು ಮತ್ತು ಗಾಜು. ಒಂದೊಂದು ಕಣಕ್ಕೂ ಚೂಪಾದ ಅಂಚುಗಳು. ವಿಮಾನ ಗಂಟೆಗೆ 800–900 ಕಿಲೋಮೀಟರ್ ವೇಗದಲ್ಲಿ ಇದರೊಳಗೆ ನುಗ್ಗಿದರೆ ಮುಂದಿನ ಗಾಜು ಉಜ್ಜಿ ಉಜ್ಜಿ ಮಬ್ಬಾಗುತ್ತದೆ. ವೇಗ ಅಳೆಯುವ ಕೊಳವೆಗಳು ಕಟ್ಟಿಕೊಳ್ಳಬಹುದು. ಇವೆಲ್ಲ ತೊಂದರೆಯೇ, ಆದರೆ ದೊಡ್ಡ ಆಪತ್ತು ಎಂಜಿನ್‌ನಲ್ಲಿ.

ಜೆಟ್ ಎಂಜಿನ್ ಮುಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಒತ್ತುತ್ತದೆ, ಅದರಲ್ಲಿ ಇಂಧನ ಉರಿಸುತ್ತದೆ. ಉರಿಯುವ ಜಾಗದ ಶಾಖ 1,400 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಬೂದಿಯ ಗಾಜು ಸುಮಾರು 1,100 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಹಾಗಾಗಿ ಒಳಗೆ ಹೋದ ಬೂದಿ ಕರಗಿ ಅಂಟಂಟಾಗುತ್ತದೆ. ಅದರ ಹಿಂದೆಯೇ ಟರ್ಬೈನ್, ಅಂದರೆ ಬಿಸಿ ಗಾಳಿಯ ರಭಸಕ್ಕೆ ತಿರುಗುವ ಚಕ್ರ, ಇದೆ. ಅಲ್ಲಿಯ ಲೋಹದ ಭಾಗಗಳನ್ನು ತಣ್ಣಗಿಡಲು ಸಣ್ಣ ಸಣ್ಣ ತೂತುಗಳಿಂದ ಗಾಳಿ ಹಾಯಿಸುತ್ತಿರುತ್ತಾರೆ. ಕರಗಿದ ಗಾಜು ಸ್ವಲ್ಪ ತಂಪಾದ ಈ ಲೋಹಕ್ಕೆ ತಾಗಿದ ಕೂಡಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಗಾಳಿ ಹಾದುಹೋಗುವ ಸಂದು ಕಿರಿದಾಗುತ್ತದೆ. ಮುಂದೆ ಹೋಗಲಾರದ ಗಾಳಿ ಹಿಂದಕ್ಕೆ ಒತ್ತುತ್ತದೆ, ಉರಿ ಆರುತ್ತದೆ, ಎಂಜಿನ್ ನಿಲ್ಲುತ್ತದೆ.

1982ರ ಜೂನ್ 24ರ ರಾತ್ರಿ ಹೀಗೇ ಆಯಿತು. ಬ್ರಿಟಿಷ್ ಏರ್‌ವೇಸ್‌ನ 747 ವಿಮಾನ ಲಂಡನ್ನಿನಿಂದ ಹೊರಟು ಮುಂಬೈ, ಚೆನ್ನೈ, ಕೌಲಾಲಂಪುರ ಮುಗಿಸಿ ಪರ್ತ್ ಕಡೆ ಹೊರಟಿತ್ತು. ಜಾವಾದ ಹತ್ತಿರ, 37,000 ಅಡಿ ಎತ್ತರದಲ್ಲಿ ಮುಂದಿನ ಗಾಜಿನ ಮೇಲೆ ಬೆಳಕಿನ ಕಿಡಿಗಳು ಆಡತೊಡಗಿದವು. ಒಳಗೆ ಗಂಧಕದ ವಾಸನೆ. ಕೆಲವೇ ನಿಮಿಷಗಳಲ್ಲಿ ನಾಲ್ಕಕ್ಕೆ ನಾಲ್ಕೂ ಎಂಜಿನ್ ನಿಂತವು. ಕೆಳಗೆ ಗಲುಂಗ್‌ಗುಂಗ್ ಜ್ವಾಲಾಮುಖಿ ಸಿಡಿಯುತ್ತಿದೆ ಎಂಬುದು ಕ್ಯಾಪ್ಟನ್ ಎರಿಕ್ ಮೂಡಿ ಅವರಿಗಾಗಲಿ ಸಿಬ್ಬಂದಿಗಾಗಲಿ ಗೊತ್ತಿರಲಿಲ್ಲ. ವಿಮಾನ ತೇಲುತ್ತಾ ಇಳಿದು ಬೂದಿಯಿಂದ ಹೊರಬಂದ ಮೇಲೆ ಎಂಜಿನ್‌ಗಳು ಮತ್ತೆ ಹೊತ್ತಿಕೊಂಡವು. ಉರಿ ಆರಿದಾಗ ಒಳಗಿನ ಗಾಜಿನ ಪದರ ತಣಿದು, ಬಿರುಕು ಬಿಟ್ಟು ಉದುರಿತ್ತು. ಜಕಾರ್ತದಲ್ಲಿ ಇಳಿಯುವಾಗ ಮುಂದಿನ ಗಾಜಿನಲ್ಲಿ ಹೊರಗೆ ಕಾಣುವಷ್ಟು ಜಾಗ ಅಂಚಿನಲ್ಲಿ ಒಂದಿಷ್ಟು ಮಾತ್ರ ಉಳಿದಿತ್ತು. ವಿಮಾನದಲ್ಲಿದ್ದ 263 ಜನರೂ ಬದುಕಿದರು.

1989ರ ಡಿಸೆಂಬರಿನಲ್ಲಿ ಅಲಾಸ್ಕಾದ ರಿಡೌಟ್ ಜ್ವಾಲಾಮುಖಿಯ ಬೂದಿಗೆ ಸಿಕ್ಕ ಕೆಎಲ್‌ಎಂನ ಹೊಚ್ಚಹೊಸ 747 ಕೂಡ ನಾಲ್ಕೂ ಎಂಜಿನ್ ಕಳೆದುಕೊಂಡಿತು, ಮತ್ತೆ ಹೊತ್ತಿಸಿಕೊಂಡು ಆಂಕರೇಜ್‌ನಲ್ಲಿ ಇಳಿಯಿತು. ಜೀವ ಉಳಿಯಿತು, ರಿಪೇರಿಗೆ 8 ಕೋಟಿ ಡಾಲರ್ ಹೋಯಿತು.

ರಡಾರ್‌ಗೂ ಕಾಣದ ಮೋಡ

ಪೈಲಟ್‌ಗೆ ಕಾಣುವುದಿಲ್ವಾ ಎಂದು ಕೇಳಬಹುದು. ವಿಮಾನದ ಹವಾಮಾನ ರಡಾರ್ ನೀರ ಹನಿ, ಆಲಿಕಲ್ಲು ಗುರುತಿಸಲು ಮಾಡಿದ್ದು. ಬೂದಿಯ ಕಣ ಅದಕ್ಕೆ ತೀರಾ ಸಣ್ಣದು. ರಾತ್ರಿಯಂತೂ ಕಣ್ಣಿಗೂ ಕಾಣದು. ಅದಕ್ಕೇ ಬೂದಿಯ ಮೇಲೆ ಕಣ್ಣಿಡಲು ಜಗತ್ತನ್ನು ಒಂಬತ್ತು ಸಲಹಾ ಕೇಂದ್ರಗಳಿಗೆ ಹಂಚಿದ್ದಾರೆ. ಲಂಡನ್, ಟೂಲೂಸ್, ಡಾರ್ವಿನ್, ಟೋಕಿಯೋ ಹೀಗೆ. ಹೈಲಿ ಗುಬ್ಬಿ ಬಗ್ಗೆ ಎಚ್ಚರಿಕೆ ಕೊಟ್ಟಿದ್ದು ಫ್ರಾನ್ಸಿನ ಟೂಲೂಸ್ ಕೇಂದ್ರ.

ಈ ಕೇಂದ್ರಗಳು ಉಪಗ್ರಹದ ಚಿತ್ರ ನೋಡುತ್ತವೆ, ಗಾಳಿಯ ಲೆಕ್ಕ ಸೇರಿಸುತ್ತವೆ, ಕಂಪ್ಯೂಟರಿನಲ್ಲಿ ಬೂದಿಯ ದಾರಿ ಅಂದಾಜು ಮಾಡುತ್ತವೆ. ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಾಕಷ್ಟು ಚೆನ್ನಾಗಿ ಹೇಳಬಲ್ಲವು. ಎಷ್ಟು ಬೂದಿ ಇದೆ ಎಂಬುದೇ ಕಷ್ಟದ ಪ್ರಶ್ನೆ. ಏಕೆಂದರೆ ಹೊರಬಂದ ಬೂದಿಯ ಪ್ರಮಾಣವನ್ನು ಹೆಚ್ಚಾಗಿ ಅದು ಚಿಮ್ಮಿದ ಎತ್ತರದಿಂದಲೇ ಊಹಿಸಬೇಕು. ಪ್ರಮಾಣ ಎತ್ತರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ. ಎತ್ತರವನ್ನು ಶೇ 20ರಷ್ಟು ತಪ್ಪಾಗಿ ಅಂದಾಜಿಸಿದರೆ ಬೂದಿಯ ಲೆಕ್ಕ ಎರಡು ಪಟ್ಟು ತಪ್ಪುತ್ತದೆ. ಉಪಕರಣವೇ ಇಲ್ಲದ ದೂರದ ಬೆಟ್ಟವಾದರೆ ಈ ತಪ್ಪು ಇನ್ನೂ ಸುಲಭ.

ಆರು ದಿನ ನಿಂತ ಯೂರೋಪ್

2010ರ ಏಪ್ರಿಲ್ 14ರಂದು ಐಸ್‌ಲ್ಯಾಂಡಿನ ಏಯಾಫ್ಯಾಟ್ಲಾಯೋಕುಟ್ಲ್ ಜ್ವಾಲಾಮುಖಿ ಹಿಮದ ಹಾಸಿನಡಿ ಸಿಡಿಯಿತು. (ಈ ಹೆಸರನ್ನು ಒಂದೇ ಉಸಿರಿಗೆ ಹೇಳಲು ಆಗ ಜಗತ್ತಿನ ವಾರ್ತಾವಾಚಕರೆಲ್ಲ ಪರದಾಡಿದರು.) ಹಿಮ ಕರಗಿದ ನೀರು ಲಾವಾ ಜೊತೆ ಸೇರಿ ಬೂದಿಯನ್ನು ಇನ್ನಷ್ಟು ಸಣ್ಣಗೆ ಪುಡಿ ಮಾಡಿತು. ಗಾಳಿ ಅದನ್ನು ನೇರ ಬ್ರಿಟನ್, ಜರ್ಮನಿ ಕಡೆ ತಂದಿತು.

ಆಗಿನ ನಿಯಮ ಸರಳ: ಬೂದಿ ಕಂಡರೆ ಹಾರಬೇಡಿ. ಎಷ್ಟು ಬೂದಿ ಎಂಬ ಪ್ರಶ್ನೆಯೇ ಇರಲಿಲ್ಲ. ಅಲಾಸ್ಕಾ, ಇಂಡೋನೇಷ್ಯಾದಂಥ ಕಡೆ ಈ ನಿಯಮ ನಡೆಯುತ್ತಿತ್ತು, ಸುತ್ತು ಹಾಕಲು ಬೇಕಾದಷ್ಟು ಆಕಾಶ ಇತ್ತು. ಯೂರೋಪಿನಂಥ ಇಕ್ಕಟ್ಟಿನ ಆಕಾಶಕ್ಕೆ ಅದನ್ನೇ ಹಚ್ಚಿದಾಗ ಎಲ್ಲವೂ ನಿಂತಿತು. ಸುಮಾರು ಒಂದು ಲಕ್ಷ ವಿಮಾನ ರದ್ದು. ಒಂದು ಕೋಟಿ ಪ್ರಯಾಣಿಕರಿಗೆ ತೊಂದರೆ. ವಿಮಾನ ಕಂಪನಿಗಳ ಒಕ್ಕೂಟ ಐಎಟಿಎ ತನ್ನವರ ಆದಾಯ ನಷ್ಟವನ್ನು 170 ಕೋಟಿ ಡಾಲರ್ ಎಂದು ಲೆಕ್ಕ ಹಾಕಿತು. ಬೂದಿಯ ಸುಳಿವೂ ಇಲ್ಲದ ಕೀನ್ಯಾದಲ್ಲಿ ಯೂರೋಪಿಗೆ ಹೋಗಬೇಕಿದ್ದ ಗುಲಾಬಿ ಕೊಳೆತವು, ಹೂವಿನ ತೋಟದ ಕೂಲಿಗಳು ಕೆಲಸವಿಲ್ಲದೆ ಕೂತರು.

ಮೂರನೇ ದಿನದ ಹೊತ್ತಿಗೆ ಜಗಳ ಶುರುವಾಯಿತು. ಕಂಪ್ಯೂಟರಿನ ನಕ್ಷೆ ನಂಬಿ ಖಂಡವನ್ನೇ ಮುಚ್ಚಿದ್ದೀರಿ ಎಂದು ಕಂಪನಿಗಳು ತಿರುಗಿಬಿದ್ದವು. ಕೆಎಲ್‌ಎಂ, ಲುಫ್ತಾನ್ಸಾ ಪ್ರಯಾಣಿಕರಿಲ್ಲದೆ ವಿಮಾನ ಹಾರಿಸಿ ಏನೂ ಆಗಲಿಲ್ಲ ಎಂದವು. ಬ್ರಿಟಿಷ್ ಏರ್‌ವೇಸ್ ಮುಖ್ಯಸ್ಥ ವಿಲ್ಲಿ ವಾಲ್ಶ್ ಸ್ವತಃ ಪರೀಕ್ಷಾ ಹಾರಾಟದಲ್ಲಿ ಕೂತರು. ಇನ್ನೊಂದು ಕಡೆ, ಫಿನ್ಲೆಂಡ್ ವಾಯುಪಡೆಯ ಎಫ್–18 ಯುದ್ಧವಿಮಾನಗಳ ಎಂಜಿನ್‌ನಲ್ಲಿ ಬೂದಿಯ ಗಾಜು ಸಿಕ್ಕ ಚಿತ್ರಗಳು ಹೊರಬಂದವು. ಎರಡೂ ಕಡೆಯವರ ಕೈಯಲ್ಲಿ ಸಾಕ್ಷಿ ಇತ್ತು. ಆದರೆ ಎಷ್ಟು ಬೂದಿಯನ್ನು ಎಂಜಿನ್ ತಾಳಿಕೊಳ್ಳುತ್ತದೆ ಎಂಬ ಒಪ್ಪಿತ ಸಂಖ್ಯೆ ಯಾರ ಬಳಿಯೂ ಇರಲಿಲ್ಲ.

ಕೊನೆಗೆ ಎಂಜಿನ್ ತಯಾರಕರನ್ನು ಕೂರಿಸಿಕೊಂಡು ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರ ಸಂಖ್ಯೆಯೊಂದಕ್ಕೆ ಬಂತು: ಒಂದು ಘನ ಮೀಟರ್ ಗಾಳಿಯಲ್ಲಿ 2 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಇದ್ದರೆ ಹಾರಬಹುದು. ಏಪ್ರಿಲ್ 20ರ ರಾತ್ರಿ ಬ್ರಿಟನ್ನಿನ ಆಕಾಶ ತೆರೆಯಿತು. ಜ್ವಾಲಾಮುಖಿ ಇನ್ನೂ ಉಗುಳುತ್ತಲೇ ಇತ್ತು, ಬದಲಾದದ್ದು ಮುಖ್ಯವಾಗಿ ನಿಯಮ. ವರ್ಷಗಟ್ಟಲೆ ಆಗದ ಕೆಲಸ ದುಡ್ಡು ಸೋರಲು ಶುರುವಾದ ಮೇಲೆ ಒಂದು ವಾರದೊಳಗೆ ಆಯಿತು.

ಹಾಗಾದರೆ ಮುಚ್ಚಿದ್ದೇ ತಪ್ಪಾ? 2011ರಲ್ಲಿ ಐಸ್‌ಲ್ಯಾಂಡ್ ಮತ್ತು ಕೋಪನ್‌ಹೇಗನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಆ ಬೂದಿಯನ್ನು ಪರೀಕ್ಷಿಸಿ, ಕಣಗಳು ತುಂಬ ಚೂಪು, ಗಟ್ಟಿ. ಮುಚ್ಚಿದ್ದು ಸರಿ ಎಂದರು. ನನ್ನ ಎಣಿಕೆಯಲ್ಲಿ ಮೊದಲ ಎರಡು ದಿನ ಮುಚ್ಚಿದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಅಷ್ಟು ವರ್ಷ ಸಂಖ್ಯೆಯಿಲ್ಲದೆ ಕೂತಿದ್ದಕ್ಕೆ ಎಲ್ಲರನ್ನೂ ದೂರಬಹುದು.

ಈಗ ತೀರ್ಮಾನ ಯಾರದು?

2010ರ ಪಾಠದ ನಂತರ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ದಾರಿ ಬದಲಿಸಿತು. ಸರ್ಕಾರ ಆಕಾಶವನ್ನೇ ಮುಚ್ಚುವ ಬದಲು, ಪ್ರತಿ ಕಂಪನಿ ತನ್ನ ವಿಮಾನ, ಎಂಜಿನ್, ದಾರಿ ನೋಡಿ ಅಪಾಯದ ಲೆಕ್ಕ ಹಾಕಬೇಕು. ಆ ಲೆಕ್ಕದ ವಿಧಾನವನ್ನು ನಿಯಂತ್ರಕರು ಒಪ್ಪಿರಬೇಕು. 2011ರ ಮೇನಲ್ಲಿ ಐಸ್‌ಲ್ಯಾಂಡಿನ ಗ್ರಿಮ್ಸ್‌ವೋಟ್ನ್ ಇನ್ನೂ ಜೋರಾಗಿ ಸಿಡಿದಾಗ ರದ್ದಾದ ವಿಮಾನಗಳು ಸುಮಾರು 900 ಮಾತ್ರ. ಬೂದಿ ಹೋದ ದಿಕ್ಕು ಒಂದು ಕಾರಣ, ಹೊಸ ಪದ್ಧತಿ ಇನ್ನೊಂದು.

ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2025ರ ನವೆಂಬರ್ 24ರಂದು ಮಾಡಿದ್ದೂ ಇದನ್ನೇ. ಆಕಾಶ ಮುಚ್ಚಲಿಲ್ಲ. ಬೂದಿ ಇರುವ ಪ್ರದೇಶ, ಎತ್ತರ ತಪ್ಪಿಸಿ; ದಾರಿ, ಇಂಧನದ ಲೆಕ್ಕ ಬದಲಿಸಿ; ಎಂಜಿನ್‌ನಲ್ಲಿ ವ್ಯತ್ಯಾಸ, ಒಳಗೆ ಹೊಗೆ ಅಥವಾ ವಾಸನೆ ಬಂದರೆ ತಕ್ಷಣ ತಿಳಿಸಿ ಎಂದು ಸೂಚಿಸಿತು. ಉಳಿದದ್ದು ಕಂಪನಿಗಳಿಗೆ ಬಿಟ್ಟದ್ದು. ಹಾಗಾಗಿ ಬೂದಿಗಿಂತ ಕೆಳಗೆ ಹಾರಲು ಆಗುವ, ಸುತ್ತು ದಾರಿಗೆ ಇಂಧನ ಇರುವ ವಿಮಾನ ಹೊರಟಿತು. ಒಮಾನ್ ಮೇಲೆ ಹೋಗಲೇಬೇಕಾದದ್ದು ನಿಂತಿತು.

ಇನ್ನು ಚೆನ್ನೈ–ಮುಂಬೈ. ಸ್ಫೋಟದ ನಂತರ ಆ ಭಾಗದ ಮೇಲೆ ಹಾರಿ ಬಂದಿದ್ದ ವಿಮಾನಗಳನ್ನು ಮುನ್ನೆಚ್ಚರಿಕೆಯಾಗಿ ತಪಾಸಣೆ ಮಾಡಬೇಕಿದೆ ಎಂದು ಏರ್ ಇಂಡಿಯಾ ಹೇಳಿತು. ಒಂದೇ ವಿಮಾನ ಬೆಳಿಗ್ಗೆ ಕೊಲ್ಲಿಯಿಂದ ಬಂದು ಮಧ್ಯಾಹ್ನ ದೇಶದೊಳಗಿನ ಊರಿಗೆ ಹೊರಡುವುದು ವಿಮಾನಯಾನದಲ್ಲಿ ಮಾಮೂಲಿ. ತಪಾಸಣೆಗೆ ವಿಮಾನ ನಿಂತರೆ ಅದರ ಮುಂದಿನ ಟ್ರಿಪ್ಪೂ ನಿಲ್ಲುತ್ತದೆ. ಬೂದಿ ದಿಲ್ಲಿಯ ಮೇಲಿದ್ದರೂ ಸೀಟು ಕಳೆದುಕೊಂಡವರು ಚೆನ್ನೈಯವರು.

ಅಷ್ಟಕ್ಕೂ ಏನೂ ತೊಂದರೆಯಿಲ್ಲದೆ ಇಳಿದ ವಿಮಾನಕ್ಕೆ ತಪಾಸಣೆ ಯಾಕೆ? ಇದಕ್ಕೆ ಉತ್ತರ ನಾಸಾದ ಒಂದು ಡಿಸಿ–8 ವಿಮಾನದಲ್ಲಿದೆ. 2000ದ ಫೆಬ್ರುವರಿಯಲ್ಲಿ ಅದು ಅಮೆರಿಕದಿಂದ ಸ್ವೀಡನ್ನಿಗೆ ಹೋಗುವಾಗ ಐಸ್‌ಲ್ಯಾಂಡಿನ ಹೆಕ್ಲಾ ಜ್ವಾಲಾಮುಖಿಯ ತೆಳ್ಳನೆ ಬೂದಿಯೊಳಗೆ ಹಾದುಹೋಯಿತು. ಪೈಲಟ್‌ಗಳಿಗೆ ಏನೂ ಕಾಣಲಿಲ್ಲ. ಒಳಗಿದ್ದ ಸಂಶೋಧನಾ ಉಪಕರಣಗಳು ಮಾತ್ರ ಬೂದಿ ಹಿಡಿದವು. ಇಳಿದ ಮೇಲೆ ಮೇಲ್ನೋಟಕ್ಕೆ ಹಾನಿ ಇರಲಿಲ್ಲ, ವಿಮಾನ ಇನ್ನೂ ಹತ್ತಾರು ಗಂಟೆ ಹಾರಿತು. ಊರಿಗೆ ಮರಳಿದ ಮೇಲೆ ಎಂಜಿನ್ ಒಳಗೆ ಬೋರೋಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆ ನಳಿಗೆ, ಇಳಿಸಿ ನೋಡಿದರೆ ಟರ್ಬೈನ್ ತಣ್ಣಗಿಡುವ ಆ ಸಣ್ಣ ತೂತುಗಳು ಕಟ್ಟಿಹೋಗಿದ್ದವು. ನಾಲ್ಕೂ ಎಂಜಿನ್ ಬಿಚ್ಚಿ ರಿಪೇರಿ ಮಾಡಲು 32 ಲಕ್ಷ ಡಾಲರ್ ಬೇಕಾಯಿತು. ಬೂದಿಯ ಪೆಟ್ಟು ಅವತ್ತೇ ಗೊತ್ತಾಗಬೇಕೆಂದಿಲ್ಲ. ಈ ಕಥೆ ಗೊತ್ತಿರುವ ಎಂಜಿನಿಯರ್ ವಿಮಾನ ನಿಲ್ಲಿಸಿ ನೋಡುತ್ತೇನೆ ಎಂದರೆ ಅದು ಹೆದರಿಕೆಯಲ್ಲ.

ಹೊಸ ಪದ್ಧತಿಯ ವಿರುದ್ಧ ಒಂದು ಗಟ್ಟಿ ಆಕ್ಷೇಪ ಇದೆ. ರದ್ದು ಮಾಡಿದರೆ ನಷ್ಟ ಕಂಪನಿಗೇ, ಹಾಗಿರುವಾಗ ಹಾರಬೇಡ ಎಂಬ ತೀರ್ಮಾನವನ್ನೂ ಅದರ ಕೈಗೇ ಕೊಟ್ಟರೆ ಹೇಗೆ? ಕಂಪನಿಗಳ ಉತ್ತರವೂ ಹಗುರವಾದದ್ದಲ್ಲ. ಒಂದು ಎಂಜಿನ್ ಹಾಳಾದರೆ ಆಗುವ ಖರ್ಚಿನ ಮುಂದೆ ಕೆಲವು ವಿಮಾನ ರದ್ದಾದ ನಷ್ಟ ಏನೂ ಅಲ್ಲ, ಹಾಗಾಗಿ ಎಚ್ಚರ ತಪ್ಪುವುದಿಲ್ಲ ಅನ್ನುತ್ತಾರೆ. ಈ ಮಾತು ನಂಬಬಹುದು. ಆದರೆ ಲೆಕ್ಕ ಹೇಗೆ ಹಾಕಿದಿರಿ ಎಂದು ಪ್ರಯಾಣಿಕರಿಗೆ ಹೇಳುವ ಅಭ್ಯಾಸ ಇನ್ನೂ ಬಂದಿಲ್ಲ. 'ಕಾರ್ಯಾಚರಣೆಯ ಕಾರಣ' ಎಂಬ ಒಂದು ಸಾಲಿನ ಮೆಸೇಜ್‌ನಿಂದ ಯಾರಿಗೆ ಏನು ತಿಳಿಯುತ್ತದೆ?

ಬೆಂಗಳೂರಿಗೆ ಹತ್ತಿರದ ಅಪಾಯ

ಕನ್ನಡಿಗರಿಗೆ ಇಥಿಯೋಪಿಯಾಕ್ಕಿಂತ ಇಂಡೋನೇಷ್ಯಾ ಹೆಚ್ಚು ತಾಗುವ ಸಂಭವ ಇದೆ. ಬೆಂಗಳೂರಿನಿಂದ ಬಾಲಿಗೆ ಹೋಗುವವರು ಜಾಸ್ತಿಯಾಗಿದ್ದಾರೆ. ಬಾಲಿಯಿಂದ ಪೂರ್ವಕ್ಕೆ ಸುಮಾರು 800 ಕಿಲೋಮೀಟರ್ ದೂರದ ಫ್ಲೋರೆಸ್ ದ್ವೀಪದಲ್ಲಿ ಲೆವೊಟೋಬಿ ಲಾಕಿ-ಲಾಕಿ ಜ್ವಾಲಾಮುಖಿ ಇದೆ. 2024ರ ನವೆಂಬರಿನಲ್ಲಿ ಅದು ಪದೇ ಪದೇ ಸಿಡಿದು ಬಾಲಿಯ ವಿಮಾನಗಳು ಸಾಲುಸಾಲಾಗಿ ರದ್ದಾದವು. 2025ರ ಜೂನಿನಲ್ಲಿ ದಿಲ್ಲಿಯಿಂದ ಬಾಲಿಗೆ ಹೊರಟ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ವಾಪಸ್ ಬಂತು. ನಮ್ಮದೇ ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯೂ 1991ರಿಂದ ಆಗಾಗ ಎಚ್ಚರಗೊಳ್ಳುತ್ತಿದೆ. ಈವರೆಗಿನದು ಸಣ್ಣ ಸ್ಫೋಟಗಳು.

ಇತ್ತ ಎಂಜಿನ್‌ಗಳೂ ಬದಲಾಗುತ್ತಿವೆ. ಇಂಧನ ಉಳಿಸಲು ಹೊಸ ಎಂಜಿನ್‌ಗಳು ಹೆಚ್ಚು ಶಾಖದಲ್ಲಿ ಉರಿಯುತ್ತವೆ. ಶಾಖ ಹೆಚ್ಚಿದಷ್ಟೂ ಬೂದಿ ಕರಗಿ ಅಂಟುವುದು ಸುಲಭ. ಎಷ್ಟು ದಟ್ಟ ಬೂದಿಯಲ್ಲಿ ಎಷ್ಟು ಹೊತ್ತು ಇದ್ದರೆ ಎಷ್ಟು ಹಾನಿ ಎಂದು ಎರಡನ್ನೂ ಕೂಡಿಸಿ ನೋಡುವ ಕೆಲಸ ನಡೆದಿದೆ. ಗೆರೆ ಎಳೆದು 'ಇಲ್ಲಿ ಬೂದಿ ಇದೆ' ಎನ್ನುವ ಬದಲು 'ಇಲ್ಲಿ ಇಷ್ಟು ಬೂದಿ ಇದೆ' ಎಂದು ಸಂಖ್ಯೆಯಲ್ಲಿ ಹೇಳುವ ಕಡೆಗೆ ಸಲಹಾ ಕೇಂದ್ರಗಳೂ ಹೊರಳುತ್ತಿವೆ. ಅದು ಬಂದ ಮೇಲೆ ಪೂರ್ತಿ ದಾರಿ ಮುಚ್ಚುವುದು ಕಡಿಮೆಯಾಗಬಹುದು. ಆದರೆ ಕಂಪನಿಯಿಂದ ಕಂಪನಿಗೆ ತೀರ್ಮಾನ ಬೇರೆಯಾಗುವುದು ಇನ್ನೂ ಹೆಚ್ಚಬಹುದು. ಒಂದೇ ಸಂಖ್ಯೆ ಇಟ್ಟುಕೊಂಡು ಬೇರೆ ಬೇರೆ ಎಂಜಿನ್‌ನವರು ಬೇರೆ ಬೇರೆ ಉತ್ತರಕ್ಕೆ ಬರುತ್ತಾರೆ, ಅಲ್ವಾ?

ಖರ್ಚು ಯಾರ ತಲೆಗೆ?

ಯೂರೋಪಿನಲ್ಲಿ ಈ ಪ್ರಶ್ನೆ ಕೋರ್ಟಿಗೆ ಹೋಯಿತು. 2010ರಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರೊಬ್ಬರು ರಯಾನ್‌ಏರ್ ವಿರುದ್ಧ ಹೂಡಿದ ದಾವೆಯಲ್ಲಿ ಯೂರೋಪಿಯನ್ ಯೂನಿಯನ್ ನ್ಯಾಯಾಲಯ 2013ರ ಜನವರಿಯಲ್ಲಿ ತೀರ್ಪು ಕೊಟ್ಟಿತು. ಜ್ವಾಲಾಮುಖಿ ಯಾರ ತಪ್ಪೂ ಅಲ್ಲ, ಹಾಗಾಗಿ ಪರಿಹಾರದ ಹಣ ಇಲ್ಲ. ಆದರೆ ಊಟ, ವಸತಿ ನೋಡಿಕೊಳ್ಳುವ ಹೊಣೆ ಎಷ್ಟು ದಿನವಾದರೂ ಕಂಪನಿಯದೇ.

ನಮ್ಮ ಡಿಜಿಸಿಎ ನಿಯಮ ಇಷ್ಟು ಗಟ್ಟಿ ಇಲ್ಲ. ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಹಣ ವಾಪಸ್, ಎರಡರಲ್ಲಿ ಒಂದನ್ನು ಕೇಳುವ ಹಕ್ಕು ಪ್ರಯಾಣಿಕರಿಗಿದೆ. ಕಂಪನಿಯ ಕೈಮೀರಿದ ನೈಸರ್ಗಿಕ ಕಾರಣವಾದರೆ ಪರಿಹಾರ ಸಿಗದು. ಅದಕ್ಕೇ ಬೂದಿಯ ಸುದ್ದಿ ಕೇಳಿ ಗಾಬರಿಯಲ್ಲಿ ನೀವೇ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ನೀವು ಮಾಡಿದರೆ ಸಾಮಾನ್ಯವಾಗಿ ಕ್ಯಾನ್ಸಲೇಷನ್ ಶುಲ್ಕ ಹಿಡಿಯುತ್ತಾರೆ, ಕಂಪನಿ ಮಾಡಿದರೆ ಪೂರ್ತಿ ಹಣ ಬರಬೇಕು. ಪ್ರಯಾಣ ವಿಮೆಯನ್ನು ಸ್ಫೋಟದ ಸುದ್ದಿ ಬಂದ ಮೇಲೆ ತೆಗೆದುಕೊಂಡರೆ ಉಪಯೋಗಕ್ಕೆ ಬರುವುದು ಅನುಮಾನ. ಆಗಲೇ ಗೊತ್ತಿದ್ದ ಘಟನೆ ಎಂದು ತಳ್ಳಿಹಾಕಬಹುದು.

ಹೆಚ್ಚು ಪೆಟ್ಟು ಬೀಳುವುದು ಮಂಗಳೂರಿನಿಂದ ಮುಂಬೈಗೆ ಒಂದು ಕಂಪನಿ, ಮುಂಬೈಯಿಂದ ಕೊಲ್ಲಿಗೆ ಇನ್ನೊಂದು ಕಂಪನಿ ಎಂದು ಎರಡು ಬಿಡಿ ಟಿಕೆಟ್ ತೆಗೆದವರಿಗೆ. ಬೂದಿಯಿಂದ ಎರಡನೆಯದು ರದ್ದಾದರೆ ಅದರ ಹಣ ಮಾತ್ರ ವಾಪಸ್. ಮೊದಲನೆಯ ವಿಮಾನ ಸರಿಯಾದ ಸಮಯಕ್ಕೆ ಮುಂಬೈಗೆ ಬಿಟ್ಟಿರುತ್ತದೆ, ಆ ಟಿಕೆಟ್ಟಿನ ಹಣವನ್ನು ಯಾರೂ ಕೊಡುವುದಿಲ್ಲ. ಎರಡೂ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮುಂದಿನ ಪ್ರಯಾಣದ ವ್ಯವಸ್ಥೆ ಮಾಡುವ ಹೊಣೆ ಟಿಕೆಟ್ ಕೊಟ್ಟ ಕಂಪನಿಯದು.